ಕಾಸು ಕೊಟ್ಟವರನ್ನು ಕಾಡದೆ ನಕಲು ತಡೆಯುವುದು ಹೇಗೆ? ಮೈಸೂರು, ಮಂಡ್ಯದ ಸಣ್ಣ ಡಿಜಿಟಲ್ ಮಾರಾಟಗಾರರಿಗೆ ಸಮಗ್ರ ಮಾರ್ಗದರ್ಶಿ

ಕುವೆಂಪುನಗರದ ಮನೆಯಲ್ಲೇ ಕೂತು ಕೆಎಎಸ್ ಪರೀಕ್ಷೆಯ ನೋಟ್ಸ್ ಬರೆದು ಪಿಡಿಎಫ್ ಮಾರುವ ಮೇಷ್ಟ್ರು, ಗೋಕುಲಂನಲ್ಲಿ ಯೋಗದ ವಿಡಿಯೊ ಪಾಠ ಮಾಡುವವರು, ಕನ್ನಡದ ಇ-ಪುಸ್ತಕ ತರುವ ಸಣ್ಣ ಪ್ರಕಾಶಕರು, ಮಂಡ್ಯದ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಹುಡುಗರು. ಈ ಮಾರ್ಗದರ್ಶಿ ಇಂಥವರಿಗಾಗಿ. ಎಲ್ಲರಿಗೂ ಒಂದೇ ಭಯ. ತಿಂಗಳುಗಟ್ಟಲೆ ಕಷ್ಟಪಟ್ಟು ಮಾಡಿದ್ದು ಒಂದೇ ರಾತ್ರಿಯಲ್ಲಿ ಟೆಲಿಗ್ರಾಂ ಗುಂಪಿಗೆ ಹೋಗಿಬಿಟ್ಟರೆ?

ಭಯ ನಿಜವಾದದ್ದೇ. ಆದರೆ ಆ ಭಯದಲ್ಲಿ ಹಾಕುವ ಬೀಗ, ಅಂದರೆ ನಕಲು ತಡೆಯಲು ಕಡತಕ್ಕೋ ಆ್ಯಪ್‌ಗೋ ಇಡುವ ನಿರ್ಬಂಧ, ಯಾರ ಮೇಲೆ ಬೀಳುತ್ತದೆ ಅಂತ ಮೊದಲು ನೋಡಬೇಕು. ಕದ್ದ ಪ್ರತಿಯಲ್ಲಿ ಬೀಗ ಇರುವುದಿಲ್ಲ, ಯಾರೋ ಅದನ್ನು ಒಡೆದೇ ಹಂಚಿರುತ್ತಾರೆ. ಪಾಸ್‌ವರ್ಡ್, ಓಟಿಪಿ, 'ಈ ಸಾಧನದಲ್ಲಿ ತೆರೆಯಲಾಗದು' ಎಂಬ ಸಂದೇಶ, ಇವೆಲ್ಲ ಸಿಗುವುದು ದುಡ್ಡು ಕೊಟ್ಟವರಿಗೆ ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಾಗಾಗಿ ಕೆಳಗಿನ ಎಲ್ಲ ಹಂತಗಳಲ್ಲೂ ಒಂದೇ ಪ್ರಶ್ನೆ ಕೇಳುತ್ತಾ ಹೋಗೋಣ: ಈ ಬೀಗದಿಂದ ಪ್ರಾಮಾಣಿಕ ಗ್ರಾಹಕರಿಗೆ, ಅವರ ಕಷ್ಟದ ದಿನದಲ್ಲಿ, ಏನಾಗುತ್ತದೆ?

ಪೂರ್ತಿ ಭದ್ರವಾದ ಬೀಗ ಯಾಕೆ ಇಲ್ಲ ಅನ್ನುವುದನ್ನೂ ತಿಳಿದಿರಿ. ಗ್ರಾಹಕರು ಪುಸ್ತಕ ಓದಬೇಕಾದರೆ ಅವರ ಫೋನ್ ಆ ಕಡತವನ್ನು ಬಿಡಿಸಲೇಬೇಕು. ಅಂದರೆ ಬೀಗದ ಜೊತೆ ಕೀಲಿಯನ್ನೂ ನಾವೇ ಅವರ ಕೈಗೆ ಕೊಟ್ಟಿರುತ್ತೇವೆ. ಹಟ ಹಿಡಿದವರು ಕೀಲಿ ಹುಡುಕುತ್ತಾರೆ. ಅದೂ ಆಗದಿದ್ದರೆ ಇನ್ನೊಂದು ಫೋನಿನ ಕ್ಯಾಮೆರಾ ಹಿಡಿಯುತ್ತಾರೆ. ಬೀಗದಿಂದ ಆಗುವುದು ಸುಮ್ನೆ ಫಾರ್ವರ್ಡ್ ಮಾಡುವವರನ್ನು ಸ್ವಲ್ಪ ತಡೆಯುವುದು, ಅಷ್ಟೇ.

ಹಂತ 1: ನಕಲು ಮಾಡುವವರು ಯಾರು ಅಂತ ಬರೆದುಕೊಳ್ಳಿ

ಎಲ್ಲರನ್ನೂ 'ಕಳ್ಳರು' ಅಂತ ಒಂದೇ ಪಟ್ಟಿಗೆ ಸೇರಿಸಿದರೆ ಪರಿಹಾರ ತಪ್ಪುತ್ತದೆ. ಅಕ್ಕ ಕೊಂಡ ನೋಟ್ಸನ್ನು ತಮ್ಮ ಓದುತ್ತಾನೆ. ಇದು ಮನೆಯೊಳಗಿನ ಮಾತು. ಇದನ್ನು ತಡೆಯಲು ಹೋಗಬೇಡಿ. ಇನ್ನೊಬ್ಬರು ತಪ್ಪು ಅಂತ ಗೊತ್ತಿಲ್ಲದೆ ಸ್ಟಡಿ ಗ್ರೂಪಿಗೆ ಹಾಕಿಬಿಡುತ್ತಾರೆ. ಇವರಿಗೆ ಕಡತದ ಮೇಲೆ ತಮ್ಮ ಹೆಸರು ಕಂಡರೆ ಸಾಕು, ಕೈ ತಡೆಯುತ್ತದೆ. ಮೂರನೆಯವರು ನಿಮ್ಮ ಪಾಠವನ್ನೇ ಅರ್ಧ ಬೆಲೆಗೆ ಮಾರುವವರು. ಇವರಿಗೆ ಬೀಗ ಲೆಕ್ಕಕ್ಕೇ ಇಲ್ಲ, ಕಾನೂನೇ ಬೇಕು.

ಇನ್ನೂ ಒಂದು ಗುಂಪಿದೆ. ನಿಮ್ಮಿಂದ ಕೊಳ್ಳುವ ಮನಸ್ಸಿದ್ದೂ ದಾರಿ ಸಿಗದವರು. ಪೇಮೆಂಟ್ ಪುಟ ಬರೀ ಕಾರ್ಡ್ ಕೇಳುತ್ತದೆ, ಯುಪಿಐ ಇಲ್ಲ. ಪೂರ್ತಿ ಕೋರ್ಸೇ ಕೊಳ್ಳಬೇಕು, ಒಂದು ವಿಷಯ ಮಾತ್ರ ಸಿಗುವುದಿಲ್ಲ. ಇಂಥವರು ಟೆಲಿಗ್ರಾಂ ಕಡೆ ಹೋದರೆ ಅವರನ್ನು ವಾಪಸ್ ಕರೆತರುವುದು ಸುಲಭ. ಬೀಗಕ್ಕೆ ಖರ್ಚು ಮಾಡುವ ಮೊದಲು ಇಲ್ಲಿ ಖರ್ಚು ಮಾಡಿ.

ಹಂತ 2: ಗ್ರಾಹಕರು ನಿಮ್ಮ ಸರಕನ್ನು ಹೇಗೆ ಬಳಸುತ್ತಾರೆ ಅಂತ ನೋಡಿ

ಬಹಳ ಮಂದಿ ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ.

ಸರಸ್ವತೀಪುರಂನ ಪಿಜಿಯಲ್ಲಿ ಓದುವ ಹುಡುಗಿಯನ್ನು ನೆನೆಸಿಕೊಳ್ಳಿ. ಅವಳು ಪಿಡಿಎಫ್ ಕೊಳ್ಳುವುದು ಫೋನಿನಲ್ಲಿ. ಆದರೆ ಓದುವುದು ಕಾಗದದ ಮೇಲೆ. ಜೆರಾಕ್ಸ್ ಅಂಗಡಿಗೆ ಕಳಿಸಿ, ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ಪೆನ್ಸಿಲ್ ಹಿಡಿದು ಓದುತ್ತಾಳೆ. ನೀವು ಪ್ರಿಂಟ್ ತಡೆದರೆ ಅವಳು ಕೊಂಡ ಸರಕು ಅರ್ಧ ಕೆಲಸಕ್ಕೆ ಬಾರದು. ರಜೆಗೆ ಮಳವಳ್ಳಿಯ ಹತ್ತಿರದ ಊರಿಗೆ ಹೋದಾಗ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಪ್ರತಿ ಸಲ ಲಾಗಿನ್ ಕೇಳುವ ಆ್ಯಪ್ ಆದರೆ ಅಲ್ಲಿ ಓದು ನಿಂತುಹೋಯಿತು. ಪರೀಕ್ಷೆಗೆ ಒಂದು ವಾರ ಇರುವಾಗ ಫೋನ್ ಕೆಟ್ಟರೆ? ಅಪ್ಪನ ಫೋನಿನಲ್ಲಿ ತೆರೆಯಲೇಬೇಕು.

ಈಗ ದೃಷ್ಟಿ ಇಲ್ಲದ ವಿದ್ಯಾರ್ಥಿಯನ್ನು ಯೋಚಿಸಿ. ಅವರು ಓದುವುದು ಟಾಕ್‌ಬ್ಯಾಕ್ ಅಥವಾ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ಮೂಲಕ, ಅಂದರೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಮೂಲಕ. ನಕಲು ತಡೆಯಲು ಪುಟಗಳನ್ನೆಲ್ಲ ಚಿತ್ರ ಮಾಡಿ ಮಾರಿದರೆ ಅವರ ಪಾಲಿಗೆ ಅದು ಖಾಲಿ ಹಾಳೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಮಾಡಿದ ಪಿಡಿಎಫ್‌ನದೂ ಅದೇ ತೊಂದರೆ. ನೋಡಲು ಕನ್ನಡ, ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಾಗಾಗಿ ಕನ್ನಡ ಅಕ್ಷರಗಳನ್ನು ಒಳಗೂ ಕನ್ನಡವಾಗಿಯೇ ಇಡುವ ಯುನಿಕೋಡ್‌ನಲ್ಲೇ ಮಾಡಿ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ, ಅಂಗವಿಕಲರಿಗೆ ಓದಲು ಅನುಕೂಲವಾಗುವ ರೂಪಕ್ಕೆ ಕೃತಿಯನ್ನು ಬದಲಿಸಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಕಾನೂನು ಕೊಟ್ಟ ಅವಕಾಶವನ್ನು ನಿಮ್ಮ ಬೀಗ ಕಿತ್ತುಕೊಳ್ಳಬಾರದು, ಅಲ್ವಾ?

ಒಂದು ಹಾಳೆ ತೆಗೆದುಕೊಂಡು ಇವಿಷ್ಟನ್ನು ಬರೆಯಿರಿ: ಎಷ್ಟು ಸಾಧನ, ಪ್ರಿಂಟ್ ಬೇಕೇ, ಇಂಟರ್‌ನೆಟ್ ಇಲ್ಲದೆ ನಡೆಯಬೇಕೇ, ಗಟ್ಟಿಯಾಗಿ ಓದಿಸಬೇಕೇ, ಮನೆಯವರು ಹಂಚಿಕೊಳ್ಳುತ್ತಾರೆಯೇ, ಎಷ್ಟು ವರ್ಷ ಬೇಕಾಗುತ್ತದೆ. ಈ ಹಾಳೆಗೆ ಅಡ್ಡ ಬರುವ ಬೀಗ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಹಂತ 3: ಸರಕಿಗೆ ತಕ್ಕ ಬೀಗ ಆರಿಸಿ

ಪಿಡಿಎಫ್ ಮತ್ತು ಇ-ಪುಸ್ತಕ. ಪಿಡಿಎಫ್‌ಗೆ ಎರಡು ಥರದ ಪಾಸ್‌ವರ್ಡ್ ಹಾಕಬಹುದು. ಒಂದು, ತೆರೆಯಲು ಬೇಕಾದದ್ದು. ಇದು ನಿಜವಾಗಿಯೂ ಕಡತವನ್ನು ಗೂಢಲಿಪಿಯಲ್ಲಿ ಇಡುತ್ತದೆ. ಆದರೆ ಕಡತ ಫಾರ್ವರ್ಡ್ ಮಾಡುವವರು ಪಾಸ್‌ವರ್ಡನ್ನೂ ಜೊತೆಗೇ ಕಳಿಸುತ್ತಾರೆ. ಇನ್ನೊಂದು, ಪ್ರಿಂಟ್ ಮತ್ತು ಕಾಪಿ ತಡೆಯುವುದು. ಇದು ಕಡತದೊಳಗಿನ ಒಂದು ಸೂಚನೆ ಮಾತ್ರ. ಓದುವ ಸಾಫ್ಟ್‌ವೇರ್ ಅದನ್ನು ಪಾಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದನ್ನು ತೆಗೆದುಹಾಕುವುದು ಬಲು ಸುಲಭ. ಕಷ್ಟಪಡುವುದು ಆ ದಾರಿ ಗೊತ್ತಿಲ್ಲದ ಪ್ರಾಮಾಣಿಕರು. ಎರಡೂ ಬಿಟ್ಟು ವಾಟರ್‌ಮಾರ್ಕ್, ಅಂದರೆ ಯಾರ ಪ್ರತಿ ಎಂದು ತಿಳಿಸುವ ಗುರುತು, ಹಾಕಿ ಎನ್ನುವುದು ನನ್ನ ಸಲಹೆ. ಅದರ ವಿವರ ಮುಂದಿನ ಹಂತದಲ್ಲಿದೆ.

ಬೀಗ ಬಿಟ್ಟರೆ ವ್ಯಾಪಾರ ಮುಳುಗುತ್ತದೆ ಅನ್ನುವವರಿಗೆ ಎರಡು ಉದಾಹರಣೆ. ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸ್ ಅಂಗಡಿಯ ಹಾಡುಗಳಿಂದ ಬೀಗ ತೆಗೆಯುವುದಾಗಿ 2009ರ ಜನವರಿಯಲ್ಲಿ ಘೋಷಿಸಿತು. ಬೀಗವಿಲ್ಲದ ಹಾಡುಗಳ ಮಾರಾಟ ಮುಂದುವರಿಯಿತು. ವೈಜ್ಞಾನಿಕ ಕಥೆ, ಫ್ಯಾಂಟಸಿ ಪುಸ್ತಕಗಳ ಟಾರ್ ಪ್ರಕಾಶನ 2012ರಲ್ಲಿ ತನ್ನ ಇ-ಪುಸ್ತಕಗಳ ಬೀಗ ತೆಗೆಯಿತು. ಒಂದು ವರ್ಷದ ನಂತರ, ಪೈರಸಿ ಗಮನಕ್ಕೆ ಬರುವಷ್ಟು ಹೆಚ್ಚಿಲ್ಲ ಎಂದು ಅದರ ಬ್ರಿಟನ್ ಶಾಖೆ ತಿಳಿಸಿತು.

ವಿಡಿಯೊ. ಇಲ್ಲಿ ಸ್ವಲ್ಪ ಬೀಗ ಸರಿಯೇ. ವಿಡಿಯೊವನ್ನು ಸ್ಟ್ರೀಮ್ ಮಾಡಿ, ಲಾಗಿನ್ ಆದವರಿಗೆ ಮಾತ್ರ ಕೆಲವು ಗಂಟೆ ನಡೆಯುವ ಲಿಂಕ್ ಕೊಡಿ. ಲಿಂಕಿನ ಅವಧಿ ಪಾಠದ ಉದ್ದಕ್ಕಿಂತ ಸಾಕಷ್ಟು ಜಾಸ್ತಿ ಇರಲಿ. ನಿಧಾನದ ನೆಟ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುವವರಿಗೆ ಪಾಠದ ನಡುವೆ ಲಿಂಕ್ ಸಾಯಬಾರದು. ದೊಡ್ಡ ಸಂಸ್ಥೆಗಳು ಬಳಸುವ ವೈಡ್‌ವೈನ್, ಫೇರ್‌ಪ್ಲೇ ಥರದ ಬೀಗಗಳು ಬೇಕು ಅನಿಸಿದರೆ ಒಂದು ವಿಷಯ ನೆನಪಿಡಿ. ವೈಡ್‌ವೈನ್‌ನಲ್ಲಿ ಭದ್ರತೆಯ ಮಟ್ಟಗಳಿವೆ. ಕೆಳಮಟ್ಟದ ಬೆಂಬಲ ಮಾತ್ರ ಇರುವ ಫೋನಿಗೆ ಹಲವು ಸೇವೆಗಳು ಕಡಿಮೆ ಗುಣಮಟ್ಟದ ಚಿತ್ರವನ್ನೇ ಕಳಿಸುತ್ತವೆ. ಅಗ್ಗದ ಫೋನ್ ಇರುವವರು ಪೂರ್ತಿ ಬೆಲೆ ಕೊಟ್ಟು ಮಸುಕು ಚಿತ್ರ ನೋಡಬೇಕಾಗಬಹುದು. ಆಸನದಲ್ಲಿ ಮೊಣಕಾಲು ಎಲ್ಲಿದೆ ಅಂತ ಕಾಣದ ಯೋಗದ ಪಾಠದಿಂದ ಏನು ಪ್ರಯೋಜನ? ಇಂಟರ್‌ನೆಟ್ ಇಲ್ಲದೆ ನೋಡಲು ಆ್ಯಪ್‌ನೊಳಗೆ ಡೌನ್‌ಲೋಡ್ ಸೌಲಭ್ಯ ಕೊಡಲೇಬೇಕು.

ಆಡಿಯೊ. ಬೀಗ ಬೇಡ. ಎಂಪಿ3 ಕೊಟ್ಟುಬಿಡಿ. ಸಂಗೀತ ಪಾಠ ಕಲಿಯುವವರು ಅದನ್ನು ಕಾರಿನಲ್ಲಿ, ಹಳೆಯ ಪ್ಲೇಯರ್‌ನಲ್ಲಿ, ಎಲ್ಲ ಕಡೆ ಕೇಳುತ್ತಾರೆ.

ಸಾಫ್ಟ್‌ವೇರ್. ಮಂಡ್ಯದ ಒಂದು ಗೊಬ್ಬರದ ಅಂಗಡಿ ಅಂದುಕೊಳ್ಳಿ. ಪ್ರತಿ ಬೆಳಗ್ಗೆ ನಿಮ್ಮ ಸರ್ವರಿಗೆ ಕೇಳಿಯೇ ತೆರೆಯುವ ಸಾಫ್ಟ್‌ವೇರ್ ಕೊಟ್ಟಿದ್ದೀರಿ. ಮುಂಗಾರು ಶುರುವಾಗಿದೆ, ರೈತರು ಸಾಲು ನಿಂತಿದ್ದಾರೆ, ನೆಟ್ ಹೋಗಿದೆ. ಬಿಲ್ ಬರುವುದಿಲ್ಲ. ಇದಕ್ಕೆ ಬದಲು ಸಹಿ ಮಾಡಿದ ಲೈಸೆನ್ಸ್ ಕಡತ ಕೊಡಿ. ಅಂಗಡಿಯ ಹೆಸರು, ಅವಧಿ, ಎಷ್ಟು ಕಂಪ್ಯೂಟರ್ ಎಂಬ ವಿವರಗಳನ್ನು ಒಂದು ಸಣ್ಣ ಕಡತದಲ್ಲಿ ಬರೆದು, ನಿಮ್ಮ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ ಡಿಜಿಟಲ್ ಸಹಿ ಹಾಕುವುದು. ಸಾಫ್ಟ್‌ವೇರ್ ಒಳಗೆ ಅದರ ಜೋಡಿಯಾದ, ಸಹಿ ಪರಿಶೀಲಿಸಲು ಮಾತ್ರ ಬರುವ ಸಾರ್ವಜನಿಕ ಕೀಲಿ ಇರುತ್ತದೆ. ಅದು ಇಂಟರ್‌ನೆಟ್ ಇಲ್ಲದೆಯೇ ಸಹಿ ಸರಿಯಿದೆಯೇ ಅಂತ ನೋಡಿಕೊಳ್ಳುತ್ತದೆ. ಬಿಲ್ಲಿನ ಮೇಲೆ ಲೈಸೆನ್ಸ್‌ನಲ್ಲಿರುವ ಅಂಗಡಿಯ ಹೆಸರೇ ಬರುವಂತೆ ಮಾಡಿ. ಪಕ್ಕದ ಅಂಗಡಿಯ ಹೆಸರಿನ ಬಿಲ್ ಕೊಡಲು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಯಾರಿಗೂ ತೊಂದರೆ ಕೊಡದ ಒಳ್ಳೆಯ ಬೀಗ ಇದು.

ಅವಧಿ ಮುಗಿದಾಗ ಏನು ಮಾಡಬೇಕು? ಮೊದಲು ಎಚ್ಚರಿಕೆ, ನಂತರ ಕೆಲವು ವಾರ ರಿಯಾಯಿತಿ, ಆಮೇಲೆ ಹೊಸ ಬಿಲ್ ಮಾತ್ರ ನಿಲ್ಲಿಸಿ. ಹಳೆಯ ಲೆಕ್ಕ ನೋಡಲು, ಪ್ರಿಂಟ್ ತೆಗೆಯಲು, ಎಕ್ಸೆಲ್‌ಗೆ ಇಳಿಸಿಕೊಳ್ಳಲು ಯಾವತ್ತೂ ಬಿಡಬೇಕು. ಸಾಫ್ಟ್‌ವೇರ್ ನಿಮ್ಮದು, ಲೆಕ್ಕ ಅವರದು. ತಿಂಗಳಿಗೊಮ್ಮೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ ಸಾಮಾನ್ಯವಾಗಿ 20ನೇ ತಾರೀಖು ಕೊನೆಯ ದಿನ. 19ಕ್ಕೆ ನಿಮ್ಮ ಬೀಗ ಬಿದ್ದು ಅವರು ದಂಡ ಕಟ್ಟುವಂತಾದರೆ ಅದು ಅನ್ಯಾಯ.

ಯಾವ ಸರಕೇ ಇರಲಿ, ಗ್ರಾಹಕರಿಗೆ ಹೇಳದೆ ಅವರ ಯಂತ್ರದೊಳಗೆ ಏನನ್ನೂ ಹಾಕಬೇಡಿ. 2005ರಲ್ಲಿ ಸೋನಿ ಬಿಎಂಜಿ ಕಂಪನಿಯ ಕೆಲವು ಸಂಗೀತ ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ ನಕಲು ತಡೆಯುವ ಸಾಫ್ಟ್‌ವೇರ್ ಒಳಗೆ ಅಡಗಿ ಕೂರುತ್ತಿತ್ತು. ಅದು ತನ್ನನ್ನು ಬಚ್ಚಿಟ್ಟುಕೊಳ್ಳುತ್ತಿದ್ದ ರೀತಿಯನ್ನೇ ವೈರಸ್ ಬರೆಯುವವರೂ ಬಳಸಿಕೊಂಡರು. ಕಂಪನಿ ಸಿಡಿಗಳನ್ನು ವಾಪಸ್ ತರಿಸಿಕೊಳ್ಳಬೇಕಾಯಿತು, ಮೊಕದ್ದಮೆಗಳನ್ನೂ ಎದುರಿಸಿತು. ಹಾಳಾದದ್ದು ಸಿಡಿ ಕೊಂಡವರ ಕಂಪ್ಯೂಟರ್.

ಹಂತ 4: ವಾಟರ್‌ಮಾರ್ಕ್ ಹಾಕುವುದು

ಪ್ರತಿ ಪುಟದ ಕೆಳಗೆ ಸಣ್ಣ ಬೂದುಬಣ್ಣದ ಅಕ್ಷರದಲ್ಲಿ ಗ್ರಾಹಕರ ಹೆಸರು ಮತ್ತು ಆರ್ಡರ್ ಸಂಖ್ಯೆ. ಇಷ್ಟೇ ಸಾಕು. ಪುಟದ ನಡುವೆ ಓರೆಯಾಗಿ ದೊಡ್ಡದಾಗಿ ಹಾಕಬೇಡಿ. ಜೆರಾಕ್ಸ್ ತೆಗೆದಾಗ ಒತ್ತಕ್ಷರಗಳ ಮೇಲೆ ಮಸಿ ಬಳಿದಂತಾಗುತ್ತದೆ.

ಫೋನ್ ನಂಬರ್ ಅಥವಾ ಆಧಾರ್ ನಂಬರ್ ಹಾಕಲೇಬೇಡಿ. ಕಡತ ಸೋರಿದರೆ ಒಬ್ಬ ಹೆಣ್ಣುಮಗಳ ನಂಬರ್ ಸಾವಿರಾರು ಅಪರಿಚಿತರ ಕೈಗೆ ಹೋಗುತ್ತದೆ. ಆರ್ಡರ್ ಸಂಖ್ಯೆ ಸಾಕು. ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿ ನಿಮ್ಮ ಹತ್ತಿರ ಭದ್ರವಾಗಿರಲಿ. ಗ್ರಾಹಕರ ವಿವರ ಕಾಪಾಡುವ ಹೊಣೆಯ ಬಗ್ಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಬಂದಿದೆ. ಬೇಡದ ವಿವರ ಕೇಳದಿರುವುದೇ ಕ್ಷೇಮ.

ಕಾಣದ ಗುರುತು ಕೂಡ ಹಾಕಬಹುದು. ಕಡತದ ಒಳವಿವರಗಳಲ್ಲಿ ಅಥವಾ ಯಾವುದಾದರೂ ಚಿತ್ರದೊಳಗೆ ಅದೇ ಸಂಖ್ಯೆ ಇಡಬಹುದು. ಆದರೆ ಕನ್ನಡದ ಮಟ್ಟಿಗೆ ಒಂದು ಎಚ್ಚರಿಕೆ ಬೇಕು. ಕೆಲವು ಉಪಕರಣಗಳು ಅಕ್ಷರಗಳ ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಯುನಿಕೋಡ್ ಚಿಹ್ನೆಗಳನ್ನು ತುರುಕಿ ಗುರುತು ಮಾಡುತ್ತವೆ. ಇಂಗ್ಲಿಷ್‌ನಲ್ಲಿ ಅದು ಕಾಣುವುದಿಲ್ಲ. ಕನ್ನಡದಲ್ಲಿ ಅದೇ ಚಿಹ್ನೆಗಳು ಒತ್ತಕ್ಷರ ಕೂಡಬೇಕೇ ಬೇಡವೇ ಎಂದು ತೀರ್ಮಾನಿಸುತ್ತವೆ. 'ಅಕ್ಷರ' ಹೋಗಿ 'ಅಕ್‌ಷರ' ಆಗುತ್ತದೆ. ಪದ ಹುಡುಕಿದರೆ ಸಿಗುವುದಿಲ್ಲ, ಸ್ಕ್ರೀನ್ ರೀಡರ್ ತಡವರಿಸಬಹುದು. ಹೊರಗಿನಿಂದ ಕೊಂಡ ಯಾವ ಉಪಕರಣವನ್ನೇ ಆಗಲಿ, ಒತ್ತಕ್ಷರ ಹೆಚ್ಚಿರುವ ಒಂದು ಕನ್ನಡ ಪುಟದ ಮೇಲೆ ಪರೀಕ್ಷೆ ಮಾಡದೆ ಬಳಸಬೇಡಿ.

ಹಂತ 5: ಫೋನ್ ಬದಲಾದ ದಿನಕ್ಕೆ ಸಿದ್ಧರಾಗಿ

ಒಂದೇ ಫೋನಿಗೆ ಕಟ್ಟಿಹಾಕುವ ಬೀಗ ಬಹಳ ಕಡೆ ಕಾಣುತ್ತದೆ. ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳು ಪ್ರತಿ ಫೋನಿಗೂ ಬೇರೆಯಾಗಿರುವ ಐಎಂಇಐ ಸಂಖ್ಯೆ ಓದಲಾಗದು. ಅದಕ್ಕೆ ಬದಲಾಗಿ ಬಳಸುವ ಆಂಡ್ರಾಯ್ಡ್ ಗುರುತು, ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಬದಲಾಗುತ್ತದೆ. ಅಂದರೆ ರಿಪೇರಿಗೆ ಕೊಟ್ಟು ತಂದ ಅದೇ ಫೋನ್ ನಿಮ್ಮ ಸರ್ವರಿಗೆ ಹೊಸ ಫೋನ್. ಗ್ರಾಹಕರು ಏನೂ ತಪ್ಪು ಮಾಡಿಲ್ಲ, ಆದರೂ ಹೊರಗೆ ನಿಲ್ಲುತ್ತಾರೆ.

ಸಾಧನದ ಮಿತಿ ಬೇಕೇ ಬೇಕು ಅಂದರೆ ಮೂರೋ ನಾಲ್ಕೋ ಸಾಧನಕ್ಕೆ ಬಿಡಿ. ಹಳೆಯದನ್ನು ಗ್ರಾಹಕರೇ ತೆಗೆದುಹಾಕುವ ಬಟನ್ ಕೊಡಿ. ಲಾಗಿನ್ ಬರೀ ಓಟಿಪಿ ಮೇಲೆ ನಿಲ್ಲದಿರಲಿ. ಸಿಮ್ ಬದಲಾಗುತ್ತದೆ, ಹಳೆಯ ನಂಬರ್ ಬೇರೆಯವರಿಗೆ ಹೋಗುತ್ತದೆ. ಇಮೇಲ್ ಮತ್ತು ಆರ್ಡರ್ ಸಂಖ್ಯೆಯಿಂದಲೂ ಒಳಗೆ ಬರಲು ದಾರಿ ಇರಲಿ. ಜೊತೆಗೆ ಕನ್ನಡದಲ್ಲಿ ಮಾತಾಡುವ ಒಬ್ಬರು ಫೋನ್ ಎತ್ತಬೇಕು, ಪರೀಕ್ಷೆಯ ಹಿಂದಿನ ರಾತ್ರಿಯೂ. ಇ-ಕಾಮರ್ಸ್ ಸಂಸ್ಥೆಗಳು ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಎನ್ನುತ್ತವೆ 2020ರ ಗ್ರಾಹಕ ಸಂರಕ್ಷಣಾ ನಿಯಮಗಳು. ಸಣ್ಣವರಾದ ನಾವು ಅದಕ್ಕಿಂತ ಬೇಗ ಮಾಡಬಹುದು.

ಹಂತ 6: ಕೊಳ್ಳುವ ಮೊದಲೇ ಹೇಳಿ

ದುಡ್ಡು ಕಟ್ಟುವ ಬಟನ್ ಮೇಲೆಯೇ, ಕನ್ನಡದಲ್ಲಿ, ಹೀಗೆ ಬರೆಯಬಹುದು:

"ಈ ಪ್ರತಿ ನಿಮ್ಮದು. ನಿಮ್ಮ ಮನೆಯ ಫೋನ್, ಕಂಪ್ಯೂಟರ್‌ಗಳಲ್ಲಿ ಇಟ್ಟುಕೊಳ್ಳಿ. ನಿಮ್ಮ ಓದಿಗೆ ಪ್ರಿಂಟ್ ತೆಗೆಸಿಕೊಳ್ಳಿ. ಫೋನ್ ಬದಲಾದರೆ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು, ಮತ್ತೆ ದುಡ್ಡು ಕೊಡಬೇಕಿಲ್ಲ. ಪ್ರತಿ ಪುಟದಲ್ಲಿ ನಿಮ್ಮ ಹೆಸರು ಮತ್ತು ಆರ್ಡರ್ ಸಂಖ್ಯೆ ಇರುತ್ತದೆ. ದಯವಿಟ್ಟು ಗುಂಪುಗಳಿಗೆ ಹಾಕಬೇಡಿ, ಮಾರಬೇಡಿ. ಕಡತ ತೆರೆಯದಿದ್ದರೆ ತಿಳಿಸಿ. ಸರಿ ಮಾಡಿಕೊಡುತ್ತೇವೆ, ಆಗದಿದ್ದರೆ ದುಡ್ಡು ವಾಪಸ್."

ಬರೆದ ಮೇಲೆ ಆ ಮಾತಿಗೆ ನಿಲ್ಲಬೇಕು. ಮಾರಿದ್ದನ್ನು ದೂರದಿಂದ ಅಳಿಸುವ ಶಕ್ತಿ ನಿಮ್ಮ ಆ್ಯಪ್‌ಗೆ ಇದ್ದರೂ ಬಳಸಬೇಡಿ. 2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಾಟಕ್ಕೆ ಇಟ್ಟಿದ್ದ ಕೆಲವು ಪುಸ್ತಕಗಳನ್ನು ಗ್ರಾಹಕರ ಕಿಂಡಲ್ ಇ-ಪುಸ್ತಕ ಸಾಧನಗಳಿಂದಲೇ ಅಳಿಸಿಹಾಕಿತು. ದುಡ್ಡು ವಾಪಸ್ ಕೊಟ್ಟರೂ ಜನ ಸಿಟ್ಟಾದರು. ಕೊನೆಗೆ ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಹಂತ 7: ಕಾನೂನು ಎಲ್ಲಿ ನಿಮ್ಮ ಜೊತೆಗಿದೆ

ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೆ ವಿವಾದ ಬಂದರೆ ನೋಂದಣಿ ಪತ್ರ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಹಾಗಾಗಿ ಮುಖ್ಯ ಕೃತಿಗಳನ್ನು ನೋಂದಾಯಿಸಿಕೊಳ್ಳಿ.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. 'ಉಲ್ಲಂಘಿಸುವ ಉದ್ದೇಶದಿಂದ' ಎಂಬ ಮಾತನ್ನು ಗಮನಿಸಿ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಬೀಗ ತೆಗೆದರೆ ಅದು ಅಪರಾಧವಲ್ಲ. ಸಾಫ್ಟ್‌ವೇರನ್ನು ನ್ಯಾಯವಾಗಿ ಪಡೆದವರು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲೂ 52ನೇ ಕಲಂ ಬಿಡುತ್ತದೆ. ನಮ್ಮ ಕಾನೂನೇ ಕೊಂಡವರ ಪರ ಇಷ್ಟು ಜಾಗ ಬಿಟ್ಟಿದೆ. ನಿಮ್ಮ ಷರತ್ತುಗಳು ಅದಕ್ಕಿಂತ ಬಿಗಿಯಾಗುವುದು ಬೇಡ.

65ಬಿ ಕಲಂ ಇನ್ನೊಂದು ರಕ್ಷಣೆ. ಕೃತಿಯ ಹೆಸರು, ಲೇಖಕರು, ಹಕ್ಕುದಾರರು, ಬಳಕೆಯ ಷರತ್ತು ಇವನ್ನು ತಿಳಿದೂ ತಿಳಿದೂ ಅಳಿಸುವುದು ಅಪರಾಧ. ಆದರೆ ಬಳಕೆದಾರರನ್ನು ಗುರುತಿಸುವ ವ್ಯವಸ್ಥೆಯನ್ನು ಕಾಯ್ದೆ ಈ ಪಟ್ಟಿಯಿಂದ ಹೊರಗಿಟ್ಟಿದೆ. ಹಾಗಾಗಿ ಗ್ರಾಹಕರ ಹೆಸರಿನ ವಾಟರ್‌ಮಾರ್ಕ್ ಒಂದನ್ನೇ ನೆಚ್ಚಬೇಡಿ. ನಿಮ್ಮ ಹೆಸರು ಮತ್ತು ಷರತ್ತೂ ಕಡತದಲ್ಲಿ ಸ್ಪಷ್ಟವಾಗಿರಲಿ.

ಹಂತ 8: ಸೋರಿದಾಗ

ಮೊದಲು ಸ್ಕ್ರೀನ್‌ಶಾಟ್, ಲಿಂಕ್, ತಾರೀಖು ಉಳಿಸಿಕೊಳ್ಳಿ. ಆಮೇಲೆ ನಕಲು ಕಂಡ ಟೆಲಿಗ್ರಾಂ ಥರದ ಸೇವೆಗೆ ಲಿಖಿತ ದೂರು ಕೊಡಿ: ಕೃತಿ ಯಾವುದು, ನಿಮ್ಮದು ಎನ್ನಲು ದಾಖಲೆ ಏನು, ನಕಲು ಎಲ್ಲಿದೆ. 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಂತೆ, ದೂರು ಸರಿಯೆನಿಸಿದರೆ ಇಂಥ ಮಧ್ಯವರ್ತಿ ಸೇವೆ 36 ಗಂಟೆಯೊಳಗೆ ಆ ನಕಲು ಸಿಗದಂತೆ ಕ್ರಮ ಕೈಗೊಳ್ಳಬೇಕು. ನೀವು 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಈ ದಿನಗಳ ಲೆಕ್ಕ ಮರೆಯಬೇಡಿ. ಮಾರಾಟಕ್ಕೇ ಇಳಿದವರ ವಿಷಯದಲ್ಲಿ ವಕೀಲರನ್ನು ನೋಡಿ. 2022ರಲ್ಲಿ ಕೋಚಿಂಗ್ ಶಿಕ್ಷಕಿಯೊಬ್ಬರ ಪಾಠಗಳು ಟೆಲಿಗ್ರಾಂ ಚಾನೆಲ್‌ಗಳಿಗೆ ಸೋರಿದ ಪ್ರಕರಣದಲ್ಲಿ, ಆ ಚಾನೆಲ್‌ಗಳನ್ನು ನಡೆಸುವವರ ವಿವರ ಕೊಡುವಂತೆ ದೆಹಲಿ ಹೈಕೋರ್ಟ್ ಟೆಲಿಗ್ರಾಂಗೆ ಆದೇಶಿಸಿತು. ಹೆಸರು ಬಚ್ಚಿಟ್ಟುಕೊಂಡರೆ ಸಿಗುವುದಿಲ್ಲ ಅನ್ನುವ ಧೈರ್ಯ ಈಗ ಅಷ್ಟು ನಡೆಯುವುದಿಲ್ಲ.

ಸೋರಿದ ಪ್ರತಿಯ ಮೇಲೆ ನಿಮ್ಮ ಗ್ರಾಹಕರೊಬ್ಬರ ಹೆಸರು ಕಂಡರೆ ತಕ್ಷಣ ಬೈಯಬೇಡಿ, ಖಾತೆ ಮುಚ್ಚಬೇಡಿ. ವಾಟರ್‌ಮಾರ್ಕ್ ಹೇಳುವುದು ಯಾರ ಪ್ರತಿ ಅಂತ ಮಾತ್ರ. ಯಾರು ಹಂಚಿದರು ಅಂತ ಅದು ಹೇಳುವುದಿಲ್ಲ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕಡತ ಉಳಿದಿರಬಹುದು. ಫೋನ್ ಮಾಡಿ ಕೇಳಿ. "ನಿಮ್ಮ ಪ್ರತಿ ಹೊರಗೆ ಕಾಣಿಸುತ್ತಿದೆ, ಹೇಗೆ ಹೋಗಿರಬಹುದು ಹೇಳ್ತೀರಾ?" ಅಂತ. ಅವರ ಓದು ನಿಲ್ಲದಂತೆ ನೋಡಿಕೊಂಡೇ ವಿಚಾರಿಸಿ.

ಹಂತ 9: ನೀವು ಅಂಗಡಿ ಮುಚ್ಚಿದರೆ?

ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ವಿಭಾಗ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ತೆರೆಯದಾದವು. ದೊಡ್ಡ ಕಂಪನಿ, ಎಲ್ಲರಿಗೂ ದುಡ್ಡು ಹಿಂದಿರುಗಿಸಿತು. ನಾವು ಸಣ್ಣವರು ಹಾಗೆ ಮಾಡಲು ಆಗುವುದಿಲ್ಲ. ಆದ್ದರಿಂದ ಬೀಗ ಹಾಕುವ ದಿನವೇ ಬೀಗ ತೆಗೆಯುವ ದಾರಿಯನ್ನೂ ಮಾಡಿಡಿ. ಸಾಫ್ಟ್‌ವೇರ್ ಆದರೆ ಅವಧಿಯೇ ಇಲ್ಲದ ಲೈಸೆನ್ಸ್ ಕಡತ, ವಿಡಿಯೊ ಆದರೆ ಬೀಗವಿಲ್ಲದ ಪ್ರತಿ ಮತ್ತು ಗ್ರಾಹಕರ ಇಮೇಲ್ ಪಟ್ಟಿ. ಇವನ್ನು ಒಂದು ಡ್ರೈವ್‌ನಲ್ಲಿ ಹಾಕಿ, ಪಾಸ್‌ವರ್ಡ್ ಸಮೇತ, ಮನೆಯವರಿಗೋ ಪಾಲುದಾರರಿಗೋ ನಂಬಿಕಸ್ತ ವಕೀಲರಿಗೋ ಕೊಟ್ಟಿಡಿ. ನಿಮಗೆ ಏನಾದರೂ ಆದರೆ ಯಾರಿಗೆ ಏನು ಕಳಿಸಬೇಕು ಅಂತ ಒಂದು ಪುಟದಲ್ಲಿ ಬರೆದು ಜೊತೆಗಿಡಿ. ಹೊಸ ಆವೃತ್ತಿ ಬಂದಾಗಲೆಲ್ಲ ಆ ಡ್ರೈವ್ ಕೂಡ ಹೊಸದಾಗಬೇಕು, ಪಟ್ಟಿಯಲ್ಲಿ ಹೊಸ ಗ್ರಾಹಕರ ವಿವರವೂ ಸೇರಬೇಕು.